ಡಯಾಲಿಸಿಸ್ ದ್ರವಕ್ಕೂ ರಕ್ತನಾಳ ಗಟ್ಟಿಯಾಗುವುದಕ್ಕೂ ಏನು ನಂಟು?

ಪ್ರಶ್ನೆ: ಡಯಾಲಿಸಿಸ್ ಮಾಡಿಸಿಕೊಳ್ಳುವವರ ರಕ್ತನಾಳಗಳಲ್ಲಿ ಸುಣ್ಣ ಕಟ್ಟುತ್ತದಂತೆ. ಯಂತ್ರದ ದ್ರವವೇ ಇದಕ್ಕೆ ಕಾರಣವೇ?

ಉತ್ತರ: ದ್ರವವೊಂದೇ ಅಲ್ಲ, ಆದರೆ ಅದಕ್ಕೂ ಪಾಲಿದೆ. ಮೂಲ ತಂಟೆಕೋರ ರಂಜಕ, ಅಂದರೆ ಫಾಸ್ಫೇಟ್. ಸೋತ ಮೂತ್ರಪಿಂಡ ಅದನ್ನು ಹೊರಹಾಕಲಾರದು. ಉಳಿದ ಫಾಸ್ಫೇಟ್ ಕ್ಯಾಲ್ಸಿಯಂ ಜೊತೆ ಸೇರಿ ನಾಳಗಳ ಗೋಡೆಯಲ್ಲಿ ಕೂರುತ್ತದೆ. ಗೋಡೆಯ ಸ್ನಾಯುಕೋಶಗಳೂ ಮೂಳೆಯ ಕೋಶಗಳಂತೆ ವರ್ತಿಸತೊಡಗುತ್ತವೆ.

ಇನ್ನು ದ್ರವದ ಮಾತು. ನಾಲ್ಕು ಗಂಟೆಯ ಒಂದು ಸರದಿಯಲ್ಲಿ ಸುಮಾರು 120 ಲೀಟರ್ ದ್ರವ, ರಕ್ತವನ್ನು ಅದರಿಂದ ಬೇರ್ಪಡಿಸುವ ತೆಳುಪೊರೆಯಾಚೆ ಹರಿದುಹೋಗುತ್ತದೆ. ಅದರಲ್ಲಿ ಕ್ಯಾಲ್ಸಿಯಂ ಹೆಚ್ಚಿದ್ದರೆ ರಕ್ತಕ್ಕೆ ಇಳಿಯುತ್ತದೆ, ಕಡಿಮೆಯಿದ್ದರೆ ರಕ್ತದಿಂದ ಹೊರಬರುತ್ತದೆ. ಟರ್ಕಿಯಲ್ಲಿ 425 ರೋಗಿಗಳ ಮೇಲೆ ನಡೆದು 2016ರಲ್ಲಿ ಪ್ರಕಟವಾದ ಅಧ್ಯಯನವೊಂದು ಲೀಟರಿಗೆ 1.75 ಮತ್ತು 1.25 ಮಿಲಿಮೋಲ್ ಕ್ಯಾಲ್ಸಿಯಂ ಇರುವ ದ್ರವಗಳನ್ನು ಎರಡು ವರ್ಷ ಹೋಲಿಸಿತು. ಕಡಿಮೆ ಕ್ಯಾಲ್ಸಿಯಂ ಪಡೆದವರ ಹೃದಯದ ನಾಳಗಳಲ್ಲಿ ಸುಣ್ಣ ಬೆಳೆದದ್ದು ನಿಧಾನವಾಗಿ.

ಹಾಗಾದರೆ ಇನ್ನೂ ಇಳಿಸಿಬಿಡಬಹುದಲ್ಲ? ಅಲ್ಲೇ ತೊಡಕಿರುವುದು. ಕ್ಯಾಲ್ಸಿಯಂ ತೀರಾ ತಗ್ಗಿದರೆ ರಕ್ತದೊತ್ತಡ ಕುಸಿಯಬಹುದು, ಹೃದಯದ ಬಡಿತ ತಪ್ಪಬಹುದು, ಪ್ಯಾರಾಥೈರಾಯ್ಡ್ ಹಾರ್ಮೋನ್ ಏರಿ ಮೂಳೆ ಸವೆಯಬಹುದು. ಆದ್ದರಿಂದಲೇ ಮೂತ್ರಪಿಂಡ ರೋಗಗಳ ಅಂತರರಾಷ್ಟ್ರೀಯ ಸಂಸ್ಥೆ ಕೆಡಿಗೊದ 2017ರ ಮಾರ್ಗಸೂಚಿ ದ್ರವದಲ್ಲಿ ಲೀಟರಿಗೆ 1.25ರಿಂದ 1.50 ಮಿಲಿಮೋಲ್ ನಡುವಿನ ಕ್ಯಾಲ್ಸಿಯಂ ಪ್ರಮಾಣವನ್ನು ಸೂಚಿಸುತ್ತದೆ.

ದ್ರವದಲ್ಲಿನ ಬೈಕಾರ್ಬನೇಟ್ ಹೆಚ್ಚಾಗಿ ರಕ್ತ ಕ್ಷಾರೀಯವಾದರೂ ಸುಣ್ಣ ಕೂರಲು ಅನುಕೂಲ. ಮೆಗ್ನೀಸಿಯಂ ಇದಕ್ಕೆ ತಡೆಯೊಡ್ಡುವುದು ಪ್ರಯೋಗಾಲಯದಲ್ಲಿ ಕಂಡಿದೆ. ಅಷ್ಟಕ್ಕೇ ಅದನ್ನು ಮದ್ದೆಂದು ಸಾರುವುದು ಅವಸರವಾದೀತು.

ದ್ರವದಲ್ಲಿನ ಕ್ಯಾಲ್ಸಿಯಂ ಪ್ರಮಾಣ ಒಬ್ಬೊಬ್ಬರಿಗೆ ಒಂದೊಂದು ಇರಬಹುದು. ತಮ್ಮದು ಎಷ್ಟೆಂದು ರೋಗಿಗಳು ಮೂತ್ರಪಿಂಡ ತಜ್ಞರನ್ನು ಕೇಳಲಿ. ಫಾಸ್ಫೇಟ್ ತಗ್ಗಿಸುವ ಮಾತ್ರೆಯನ್ನು ಊಟದ ಜೊತೆಗೇ ನುಂಗಲಿ.