ಕಣ್ಣಿಗೂ ಹೊಲಿಗೆ ಹಾಕುತ್ತಾರೆಯೇ?

‘ಕಣ್ಣಿಗೆ ಹೊಲಿಗೆ ಹಾಕ್ತಾರಂತ, ನಾ ಒಲ್ಲೆ’ ಎಂದು ಪೊರೆಯ ಆಪರೇಷನ್ ಮುಂದೂಡುವ ಹಿರಿಯರು ನಿಮ್ಮ ಮನೆಯಲ್ಲೂ ಇರಬಹುದು. ಮುಂಡರಗಿ, ಶಿರಹಟ್ಟಿ ಕಡೆ ಈ ಮಾತು ಈಗಲೂ ಕೇಳಿಬರುತ್ತದೆ. ಅವರ ಭಯಕ್ಕೆ ಕಾರಣವಿದೆ. ಬೀಳಗಿಯಲ್ಲಿ ಹುಟ್ಟಿದ ಡಾ. ಎಂ.ಸಿ. ಮೋದಿಯವರು ಊರೂರಿಗೆ ನೇತ್ರ ಶಿಬಿರ ಒಯ್ದ ಕಾಲದಲ್ಲಿ ಪೊರೆ ಬಂದ ಮಸೂರವನ್ನು ಇಡಿಯಾಗಿ ಹೊರತೆಗೆಯಬೇಕಿತ್ತು. ಹಾಗಾಗಿ ಗಾಯ ದೊಡ್ಡದಾಗುತ್ತಿತ್ತು. ರೋಗಿಗಳು ಕಣ್ಣಿಗೆ ಪಟ್ಟಿ ಕಟ್ಟಿಕೊಂಡು ಅಲುಗಾಡದೆ ಮಲಗಬೇಕಿತ್ತು.

ಕಣ್ಣಿನ ಹೊಲಿಗೆಗೆ ಬಳಸುವ ನೈಲಾನ್ ದಾರದ ದಪ್ಪ 0.02ರಿಂದ 0.03 ಮಿ.ಮೀ., ಅಂದರೆ ತಲೆಗೂದಲಿಗಿಂತ ತೆಳು. ಕಾರ್ನಿಯಾದ ದಪ್ಪವೇ ನಡುವೆ ಅರ್ಧ ಮಿಲಿಮೀಟರ್. ಸಾಮಾನ್ಯ ಸೂಜಿ ಅದನ್ನು ತೂರಿ ಆಚೆ ಹೋದೀತು. ಅದಕ್ಕೆಂದೇ ಮೇಲೆ-ಕೆಳಗೆ ಚಪ್ಪಟೆಯಾಗಿ, ಬದಿಗಳಲ್ಲಿ ಮಾತ್ರ ಹರಿತವಾಗಿರುವ ಸೂಜಿ ಮಾಡಿದರು. ಅದನ್ನು ಹಿಡಿಯುವ ಇಕ್ಕಳವನ್ನು ವೈದ್ಯರು ಪೆನ್ಸಿಲಿನಂತೆ ಹಿಡಿದು ಬೆರಳಲ್ಲೇ ಹೊರಳಿಸುತ್ತಾರೆ. ಇಷ್ಟಾದರೂ ದಾರ ಬಿಗಿಯಾದರೆ ಕಷ್ಟ. ಬೆಟಗೇರಿಯ ನೇಕಾರರಿಗೆ ಇದನ್ನು ಹೇಳಿಕೊಡಬೇಕಿಲ್ಲ: ಒಂದು ಎಳೆ ಜಗ್ಗಿದರೆ ಬಟ್ಟೆಯೆಲ್ಲ ಸುಕ್ಕು. ಕಾರ್ನಿಯಾ ಹಾಗೆ ಸೊಟ್ಟಗಾದರೆ ನೋಟ ಮಸುಕಾಗುತ್ತದೆ.

ಆದ್ದರಿಂದ ಹೊಲಿಗೆಯೇ ಬೇಡದ ಗಾಯ ಮಾಡುವ ಬ್ಲೇಡುಗಳು ಬಂದವು. ನೇರ ಕೊಯ್ಯುವ ಬದಲು ಪದರಗಳ ನಡುವೆ ಓರೆಯಾಗಿ ಸುರಂಗ ಕೊರೆಯುತ್ತಾರೆ. ಸೈಕಲ್ ಟ್ಯೂಬಿನ ವಾಲ್ವ್ ನೋಡಿದ್ದೀರಲ್ಲ? ಒಳಗಿನ ಒತ್ತಡವೇ ಅದನ್ನು ಮುಚ್ಚುತ್ತದೆ, ಇದೂ ಹಾಗೆಯೇ. ಕೈಯಿಂದ ಮಾಡುವ ಆಪರೇಷನ್‌ಗೆ 6-7 ಮಿ.ಮೀ. ಗಾಯ ಸಾಕು, ಫೇಕೋ ಯಂತ್ರಕ್ಕೆ 3 ಮಿ.ಮೀ.ಗಿಂತ ಕಡಿಮೆ. ಗಾಯ ಸೋರಿದರೆ, ಕಣ್ಣಿಗೆ ಪೆಟ್ಟಾಗಿದ್ದರೆ, ಮಕ್ಕಳ ಕಣ್ಣಾದರೆ, ಕಾರ್ನಿಯಾ ಕಸಿ ಮಾಡಿದರೆ ಈಗಲೂ ಹೊಲಿಗೆ ಬೇಕಾಗುತ್ತದೆ.

ಹೊಲಿಗೆ ಇಲ್ಲವೆಂದರೆ ಗಾಯವೇ ಇಲ್ಲವೆಂದು ತಿಳಿಯಬೇಡಿ. ಕಣ್ಣು ಉಜ್ಜಬೇಡಿ, ಸುರ್ಮಾ ಹಚ್ಚಬೇಡಿ. ವುಝೂ ಮಾಡುವಾಗ ಆ ಕಣ್ಣಿಗೆ ನೀರು ಎರಚಿಕೊಳ್ಳುವಂತಿಲ್ಲ. ಸಜ್ದಾಕ್ಕೆ ತಲೆ ಬಗ್ಗಿಸುವುದು ಎಂದಿನಿಂದ ಎಂದು ವೈದ್ಯರನ್ನೇ ಕೇಳಿ. ಅಲ್ಲಿಯವರೆಗೆ ವುಝೂ ಹೇಗೆ, ಕುಳಿತು ನಮಾಝ್ ಹೇಗೆ ಎಂದು ನಿಮ್ಮ ಆಲಿಮರಲ್ಲಿ ವಿಚಾರಿಸಿ. ಆಪರೇಷನ್‌ಗೆ ಮೊದಲೇ ಕೇಳಿಟ್ಟುಕೊಂಡರೆ ಇನ್ನೂ ಒಳ್ಳೆಯದು.

ಹೊಲಿಗೆ ಹಾಕಿಸಿಕೊಂಡವರಿಗೆ ತಿಂಗಳುಗಳ ನಂತರ ಕಣ್ಣಲ್ಲಿ ಮರಳು ಬಿದ್ದಂತೆ ಚುಚ್ಚಿದರೆ ದಾರ ಸಡಿಲಾಗಿರಬಹುದು. ಅದನ್ನು ಮನೆಯಲ್ಲಿ ಕೀಳಬೇಡಿ, ವೈದ್ಯರೇ ತೆಗೆಯಲಿ. ನೋವು ಹೆಚ್ಚಾದರೆ, ಕಣ್ಣು ಕೆಂಪಾಗಿ ಕೀವು ಬಂದರೆ, ನೋಟ ಥಟ್ಟನೆ ಮಂಜಾದರೆ ಸಂತೆಯ ದಿನಕ್ಕೆ ಕಾಯದೆ, ಲಕ್ಷ್ಮೇಶ್ವರದಿಂದ ಗದಗಿನ ಬಸ್ ಹಿಡಿಯಬೇಕಾದರೂ ಅಂದೇ ಹೊರಡಿ.