ಕೊರೆಯುವ ಕೈಗೆ ಅಂಕೆ

ಕೆಳದವಡೆಯ ಮೂಳೆಯೊಳಗೆ, ದವಡೆಹಲ್ಲುಗಳ ಬೇರಿಗಿಂತ ಸ್ವಲ್ಪ ಕೆಳಗೆ, ಎರಡು ಮೂರು ಮಿಲಿಮೀಟರ್ ಅಗಲದ ಸುರಂಗವೊಂದು ಹಾದುಹೋಗುತ್ತದೆ. ಅದರೊಳಗೆ ಒಂದು ನರ, ಜೊತೆಗೆ ರಕ್ತನಾಳಗಳು. ದವಡೆಯ ಹಿಂಭಾಗದಲ್ಲಿ ಒಳಹೊಕ್ಕ ಈ ನರ ಕೋರೆಹಲ್ಲಿನಿಂದ ಸ್ವಲ್ಪ ಹಿಂದೆ ಒಂದು ಕಿಂಡಿಯಿಂದ ಹೊರಬಂದು ಕೆಳತುಟಿಗೆ, ಗದ್ದಕ್ಕೆ ಹರಡಿಕೊಳ್ಳುತ್ತದೆ. ಇದು ಸ್ಪರ್ಶ ತಿಳಿಸುವ ನರ. ಹಾಗಾಗಿ ಇದಕ್ಕೆ ಏಟು ಬಿದ್ದರೂ ತುಟಿ ಎಂದಿನಂತೆ ಆಡುತ್ತದೆ, ಮಾತು ಬರುತ್ತದೆ, ಎದುರಿಗಿದ್ದವರಿಗೆ ಏನೂ ಗೊತ್ತಾಗುವುದಿಲ್ಲ. ಕಷ್ಟವೆಲ್ಲ ಅನುಭವಿಸುವವರದ್ದು: ಕಾಫಿ ಗದ್ದದ ಮೇಲೆ ಇಳಿದರೂ ಅರಿವಾಗದು, ಊಟದ ನಡುವೆ ತುಟಿ ಕಚ್ಚಿಕೊಂಡದ್ದು ನಾಲಿಗೆಗೆ ರಕ್ತದ ರುಚಿ ಹತ್ತಿದ ಮೇಲೆ ತಿಳಿಯುತ್ತದೆ. ಕೆಲವರಿಗೆ ಕೆಲ ತಿಂಗಳಲ್ಲಿ ಸರಿಹೋಗುತ್ತದೆ, ಕೆಲವರಿಗೆ ಆ ಮರಗಟ್ಟುವಿಕೆ ಕೊನೆತನಕ ಉಳಿದುಬಿಡುತ್ತದೆ.

ಬಿದ್ದುಹೋದ ದವಡೆಹಲ್ಲಿನ ಜಾಗದಲ್ಲಿ ಇಂಪ್ಲಾಂಟ್ ಕೂರಿಸುವಾಗ ದಂತವೈದ್ಯರು ಡ್ರಿಲ್ ಇಳಿಸುವುದು ಈ ಸುರಂಗದ ಮೇಲುಗಡೆಯೇ. ಇಂಪ್ಲಾಂಟ್ ಎಂದರೆ ಸುಮಾರು 4 ಮಿ.ಮೀ. ದಪ್ಪ, 10 ಮಿ.ಮೀ. ಉದ್ದದ ಟೈಟೇನಿಯಂ ತಿರುಪು. ಅದರ ತುದಿಗೂ ನರದ ಸುರಂಗಕ್ಕೂ ನಡುವೆ ಕನಿಷ್ಠ 2 ಮಿ.ಮೀ. ಮೂಳೆ ಉಳಿಯಬೇಕು. ಪಕ್ಕದ ಹಲ್ಲಿನ ಬೇರಿನಿಂದ ಒಂದೂವರೆ ಮಿ.ಮೀ. ದೂರವಿರಬೇಕು. ಕೆನ್ನೆಯ ಕಡೆ, ನಾಲಿಗೆಯ ಕಡೆ ಎರಡರಲ್ಲೂ ಮೂಳೆಯ ಗೋಡೆ ಒಡೆಯಬಾರದು. ನಾಲಿಗೆಯ ಕಡೆಯ ಗೋಡೆ ತೂತಾಗಿ ಅಲ್ಲಿನ ರಕ್ತನಾಳ ಹರಿದರೆ ಬಾಯಿಯ ತಳ ಊದಿಕೊಂಡು ಉಸಿರಾಟಕ್ಕೇ ಕುತ್ತು ಬಂದ ಪ್ರಕರಣಗಳು ವೈದ್ಯಕೀಯ ದಾಖಲೆಗಳಲ್ಲಿವೆ. ಮೇಲ್ದವಡೆಯಲ್ಲಿ ತೊಡಕು ಬೇರೆ: ಅಲ್ಲಿ ಹಲ್ಲುಗಳ ಮೇಲೆಯೇ ಸೈನಸ್ಸಿನ ಟೊಳ್ಳು. ಇಷ್ಟೆಲ್ಲ ನಿಬಂಧನೆಗಳ ನಡುವೆ, ಅರೆತೆರೆದ ಬಾಯಿಯೊಳಗೆ, ನಾಲಿಗೆ ಜೊಲ್ಲುಗಳನ್ನು ಒತ್ತರಿಸಿಕೊಂಡು, ಒಳಗೇನಿದೆಯೆಂದು ಕಾಣದ ಮೂಳೆಯಲ್ಲಿ ನೆಟ್ಟಗೆ ಕೊರೆಯಬೇಕು.

ಇಂಪ್ಲಾಂಟಿನ ಕಥೆ ಸ್ವೀಡನ್ನಿನದು. ಪರ್-ಇಂಗ್ವಾರ್ ಬ್ರಾನೆಮಾರ್ಕ್ 1950ರ ದಶಕದ ಆರಂಭದಲ್ಲಿ ಮೊಲಗಳ ಮೂಳೆಯಲ್ಲಿ ರಕ್ತಸಂಚಾರ ನೋಡಲೆಂದು ಟೈಟೇನಿಯಂ ಸಾಧನ ಕೂರಿಸಿ, ಕೆಲಸ ಮುಗಿದ ಮೇಲೆ ಕೀಳಲು ಹೋದಾಗ ಅದು ಮೂಳೆಗೆ ಕಚ್ಚಿಕೊಂಡಿತ್ತು. 1965ರಲ್ಲಿ ಗೋಥೆನ್‌ಬರ್ಗ್‌ನಲ್ಲಿ ಯೋಸ್ತಾ ಲಾರ್ಸನ್ ಎಂಬವರ ದವಡೆಗೆ ಅವರು ಕೂರಿಸಿದ ಇಂಪ್ಲಾಂಟ್‌ಗಳು 2006ರಲ್ಲಿ ಆತ ತೀರಿಕೊಳ್ಳುವವರೆಗೂ ಗಟ್ಟಿಯಾಗಿದ್ದವು. ಇದು ಬಹಳ ಸಲ ಹೇಳಿಸಿಕೊಂಡ ಕಥೆ. ಅದೇ ಗೋಥೆನ್‌ಬರ್ಗ್‌ನಿಂದ 1983ರಲ್ಲಿ ಬಂದ ಇನ್ನೊಂದು ಸಂಗತಿಯನ್ನು ಯಾರೂ ಅಷ್ಟಾಗಿ ಹೇಳುವುದಿಲ್ಲ, ಆದರೆ ಡ್ರಿಲ್ ಹಿಡಿಯುವವರೆಲ್ಲ ಅದನ್ನು ನೆನಪಿಟ್ಟುಕೊಳ್ಳಬೇಕು. ಎರಿಕ್ಸನ್ ಮತ್ತು ಆಲ್ಬ್ರೆಕ್ಟ್‌ಸನ್ ಮೊಲದ ಮೂಳೆಯನ್ನು ಹಂತಹಂತವಾಗಿ ಬಿಸಿಮಾಡಿ ನೋಡಿದರು. 47 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದು ನಿಮಿಷ ಇದ್ದರೆ ಸಾಕು, ಮೂಳೆಗೆ ಹಾನಿ ಶುರು. ಸತ್ತ ಮೂಳೆ ಟೈಟೇನಿಯಂ ಜೊತೆ ಬೆಸೆಯುವುದಿಲ್ಲ. ಅದಕ್ಕೇ ಕೊರೆಯುವಾಗ ಒಂದೇ ಸಮನೆ ಸಲೈನ್ ಹಾಯಿಸುತ್ತಾರೆ, ಮೊದಲು 2 ಮಿ.ಮೀ. ಡ್ರಿಲ್ ಇಳಿಸಿ ಆಮೇಲೆ ಹಂತಹಂತವಾಗಿ ತೂತನ್ನು ಅಗಲ ಮಾಡುತ್ತಾರೆ.

ಬಹುಕಾಲ ಈ ಕೆಲಸಕ್ಕೆ ಆಧಾರ ಎಂದರೆ ಓಪಿಜಿ, ಅಂದರೆ ಇಡೀ ದವಡೆಯನ್ನು ಒಂದೇ ಪಟ್ಟಿಯಲ್ಲಿ ತೋರಿಸುವ ಎಕ್ಸ್‌ರೇ. ಊರೂರಿನ ಸ್ಕ್ಯಾನ್ ಸೆಂಟರುಗಳಲ್ಲಿ ಈಗಲೂ ದಿನವಿಡೀ ತೆಗೆಯುವುದು ಇದನ್ನೇ. ಅದರಲ್ಲಿ ಉದ್ದ, ಎತ್ತರ ಕಾಣುತ್ತದೆ, ದಪ್ಪ ಕಾಣುವುದಿಲ್ಲ. ಚಿತ್ರವೂ ಸಾಮಾನ್ಯವಾಗಿ ಶೇ 20-30ರಷ್ಟು ಹಿಗ್ಗಿರುತ್ತದೆ, ಅದೂ ಎಲ್ಲ ಕಡೆ ಒಂದೇ ಸಮನಾಗಿ ಅಲ್ಲ. ಹಿಗ್ಗಿದ್ದು ಎಷ್ಟೆಂದು ಅಂದಾಜು ಸಿಗಲೆಂದು ಅಳತೆ ಗೊತ್ತಿರುವ ಉಕ್ಕಿನ ಪುಟ್ಟ ಗುಂಡನ್ನು ಬಾಯಿಯಲ್ಲಿಟ್ಟು ಎಕ್ಸ್‌ರೇ ತೆಗೆಯುವುದಿತ್ತು. ಪ್ಲಾಸ್ಟಿಕ್ ಹಾಳೆ ಬಿಸಿಮಾಡಿ ಹಲ್ಲಿನ ಅಚ್ಚಿನ ಮೇಲೆ ಎಳೆದು, ಬೇಕಾದಲ್ಲಿ ತೂತು ಮಾಡಿ, ಅದನ್ನೇ ಬಾಯಿಗಿಟ್ಟು ಡ್ರಿಲ್ ಇಳಿಸುವವರೂ ಇದ್ದರು. ಡ್ರಿಲ್ ಎಲ್ಲಿ ಹೊಗಬೇಕು ಎಂಬುದನ್ನು ಆ ಹಾಳೆ ಹೇಳುತ್ತಿತ್ತು. ಯಾವ ಓರೆಯಲ್ಲಿ, ಎಷ್ಟು ಆಳ ಎಂಬುದು ವೈದ್ಯರ ಕೈಗೇ ಬಿಟ್ಟದ್ದು.

ಮೂರನೆಯ ಆಯಾಮ ದಂತವೈದ್ಯರ ಕೈಗೆಟುಕಿದ್ದು 1990ರ ದಶಕದ ಕೊನೆಗೆ. ಇಟಲಿಯ ವೆರೋನಾದಲ್ಲಿ ರೂಪುಗೊಂಡ ನ್ಯೂಟಾಮ್ ಯಂತ್ರ ಶಂಕುವಿನಾಕಾರದ ಎಕ್ಸ್‌ರೇ ಕಿರಣವನ್ನು ತಲೆಯ ಸುತ್ತ ಒಂದು ಸುತ್ತು ತಿರುಗಿಸಿ ದವಡೆಯ ಘನಚಿತ್ರ ಕಟ್ಟಿಕೊಡುತ್ತಿತ್ತು. ಅದೇ ಇಂದಿನ ಸಿಬಿಸಿಟಿ. ಆಸ್ಪತ್ರೆಯ ದೊಡ್ಡ ಸಿ.ಟಿ. ಸ್ಕ್ಯಾನಿಗಿಂತ ಇದರಲ್ಲಿ ವಿಕಿರಣ ಸಾಮಾನ್ಯವಾಗಿ ಕಡಿಮೆ, ಬೆಲೆಯೂ ಕಡಿಮೆ. ಇನ್ನೊಂದು ಕಡೆ, ಚಕ್ ಹಲ್ ಎಂಬ ಅಮೆರಿಕದ ಎಂಜಿನಿಯರ್ 1986ರಲ್ಲೇ ಪೇಟೆಂಟ್ ಪಡೆದಿದ್ದ ತಂತ್ರ ತಯಾರಿತ್ತು: ದ್ರವರೂಪದ ರೆಸಿನ್‌ಗೆ ಅತಿನೇರಳೆ ಬೆಳಕು ಹಾಯಿಸಿ, ಪದರದ ಮೇಲೆ ಪದರವಾಗಿ ಗಟ್ಟಿಯಾಗಿಸಿ, ಬೇಕಾದ ಆಕಾರ ಪಡೆಯುವುದು. ಸ್ಕ್ಯಾನ್ ಮತ್ತು ಪ್ರಿಂಟರ್ ಒಂದಕ್ಕೊಂದು ಸಿಕ್ಕಿದಾಗ ಹುಟ್ಟಿದ್ದೇ ಸರ್ಜಿಕಲ್ ಗೈಡ್.

ಪೀಣ್ಯದ ಯಾವುದೇ ಮಶೀನ್ ಶಾಪಿನಲ್ಲಿ ಕೆಲಸ ಮಾಡಿದವರಿಗೆ ಈ ಗೈಡನ್ನು ವಿವರಿಸಬೇಕಾಗಿಲ್ಲ. ಅಲ್ಲಿ ನೂರು ಬಿಡಿಭಾಗಗಳಿಗೆ ಒಂದೇ ಜಾಗದಲ್ಲಿ ತೂತು ಬೀಳಬೇಕಾದರೆ ಜಿಗ್ ಇಡುತ್ತಾರೆ, ಜಿಗ್‌ನಲ್ಲಿ ಗಟ್ಟಿ ಉಕ್ಕಿನ ಬುಷ್, ಬುಷ್‌ನೊಳಗಿಂದ ಡ್ರಿಲ್. ದಂತವೈದ್ಯರ ಗೈಡ್ ಕೂಡ ಜಿಗ್ಗೇ. ವ್ಯತ್ಯಾಸ ಇಷ್ಟೆ: ಇಲ್ಲಿ ಬಿಡಿಭಾಗ ಒಂದೇ, ತೂತು ಒಂದೇ ಸಲ, ಕೆಟ್ಟರೆ ಎಸೆದು ಇನ್ನೊಂದನ್ನು ಎತ್ತಿಕೊಳ್ಳುವಂತಿಲ್ಲ.

ತಯಾರಿ ಹೀಗೆ. ಸಿಬಿಸಿಟಿಯಿಂದ ಮೂಳೆ ಮತ್ತು ನರದ ದಾರಿ ಸಿಗುತ್ತದೆ. ಬಾಯಿಯೊಳಗೆ ಆಡಿಸುವ ಪುಟ್ಟ ಸ್ಕ್ಯಾನರ್‌ನಿಂದ, ಇಲ್ಲವೇ ಅಚ್ಚಿನಿಂದ, ಹಲ್ಲು ಮತ್ತು ವಸಡಿನ ಮೇಲ್ಮೈ ಸಿಗುತ್ತದೆ. ಎರಡನ್ನೂ ಕಂಪ್ಯೂಟರ್‌ನಲ್ಲಿ ಒಂದರ ಮೇಲೊಂದು ಕೂರಿಸುತ್ತಾರೆ. ಆಮೇಲೆ ಮೊದಲು ಇಡುವುದು ಇಂಪ್ಲಾಂಟನ್ನಲ್ಲ, ಹಲ್ಲನ್ನು. ಮುಂದೆ ಬರಬೇಕಾದ ಹಲ್ಲು ಎಲ್ಲಿ ನಿಂತರೆ ಅಗಿಯಲು ಸರಿ ಎಂದು ನೋಡಿ, ಅದಕ್ಕೆ ಹೊಂದುವಂತೆ ಕೆಳಗೆ ಇಂಪ್ಲಾಂಟ್ ಕೂರಿಸುತ್ತಾರೆ. ಮೂಳೆ ಎಲ್ಲಿ ಚೆನ್ನಾಗಿದೆಯೋ ಅಲ್ಲಿ ತಿರುಪು ಕೂರಿಸಿ, ಅದರ ಮೇಲೆ ಹೇಗೋ ಹಲ್ಲು ಹೊಂದಿಸುತ್ತಿದ್ದ ಹಳೆಯ ರೂಢಿ ಹೀಗೆ ತಿರುವುಮುರುವಾಯಿತು. ನನ್ನ ಮಟ್ಟಿಗೆ ಗೈಡ್‌ಗಿಂತ ದೊಡ್ಡ ಲಾಭ ಇದೇ.

ಸಿದ್ಧವಾದ ಗೈಡ್ ಕೈಯಲ್ಲಿ ಹಿಡಿದರೆ ಹಗುರವಾದ, ಅರೆಪಾರದರ್ಶಕ ತುಂಡು. ಕೆಳಗಡೆ ರೋಗಿಯ ಹಲ್ಲುಗಳ ತದ್ರೂಪು ಗುಳಿಗಳು. ಹಲ್ಲಿನ ಮೇಲಿಟ್ಟು ಒತ್ತಿದರೆ ಬಿಗಿಯಾಗಿ ಕೂರಬೇಕು. ತೂತು ಬೀಳಬೇಕಾದ ಕಡೆ ಒಂದು ಲೋಹದ ಕೊಳವೆ, ಅಂದರೆ ಸ್ಲೀವ್. ಅಲ್ಲಲ್ಲಿ ಚೌಕಾಕಾರದ ಪುಟ್ಟ ಕಿಟಕಿಗಳನ್ನು ಕತ್ತರಿಸಿರುತ್ತಾರೆ. ಅವು ಗಾಳಿಗಲ್ಲ, ಗೈಡ್ ಪೂರ್ತಿ ಇಳಿದಿದ್ದರೆ ಆ ಕಿಟಕಿಯಲ್ಲಿ ಹಲ್ಲಿನ ತುದಿ ರೆಸಿನ್‌ಗೆ ತಾಗಿ ಕಾಣಬೇಕು, ನಡುವೆ ಕೂದಲೆಳೆಯಷ್ಟು ಸಂದಿಯಿದ್ದರೂ ಕೂತಿಲ್ಲವೆಂದೇ ಅರ್ಥ. ಈ ಕಿಟಕಿಯನ್ನು ನೋಡದೆ ಡ್ರಿಲ್ ಎತ್ತಿಕೊಂಡರೆ ಹಿಂದಿನ ಎಲ್ಲ ಲೆಕ್ಕಾಚಾರವೂ ವ್ಯರ್ಥ.

ಸ್ಲೀವ್‌ನೊಳಗೆ ಡ್ರಿಲ್ ತಿರುಗಬೇಕಾದರೆ ಸ್ವಲ್ಪ ಸಡಿಲ ಬೇಕೇ ಬೇಕು. ಆ ಸ್ವಲ್ಪ ಎಷ್ಟಾಗುತ್ತದೆ ಎಂಬುದನ್ನು ಪೆನ್ಸಿಲ್ ಹಿಡಿದು ನೋಡಬಹುದು. ಸ್ಲೀವ್‌ನ ಉದ್ದ 5 ಮಿ.ಮೀ., ಒಳಗಿನ ಒಟ್ಟು ಸಡಿಲ 0.2 ಮಿ.ಮೀ. ಎಂದುಕೊಳ್ಳಿ. ಡ್ರಿಲ್ ಸುಮಾರು 2.3 ಡಿಗ್ರಿ ವಾಲಬಲ್ಲದು. ಸ್ಲೀವ್‌ನ ಕೆಳತುದಿಯಿಂದ ಮೂಳೆಗೆ 4 ಮಿ.ಮೀ., ಅಲ್ಲಿಂದ 10 ಮಿ.ಮೀ. ಆಳ ಎಂದರೆ, ಡ್ರಿಲ್‌ನ ತುದಿ ಪಕ್ಕಕ್ಕೆ ಅರ್ಧ ಮಿಲಿಮೀಟರ್‌ಗೂ ಹೆಚ್ಚು ಜಾರಿರುತ್ತದೆ. ಉದ್ದದ ಸ್ಲೀವ್, ಮೂಳೆಗೆ ಹತ್ತಿರದ ಸ್ಲೀವ್ ಇದ್ದರೆ ಈ ಜಾರು ಕಡಿಮೆ. ಆದರೆ ಉದ್ದ ಹೆಚ್ಚಾದಷ್ಟೂ ಬಾಯಿ ಇನ್ನಷ್ಟು ತೆರೆಯಬೇಕು. ಅಡಿಕೆ, ಗುಟ್ಕಾ ಅಗಿದು ಕೆನ್ನೆಯ ಒಳಪದರ ನಾರುಗಟ್ಟಿ ಬಾಯಿ ಬಿಗಿದವರು ನಮ್ಮಲ್ಲಿ ಕಡಿಮೆಯೇನಿಲ್ಲ. ಅಂಥವರ ಹಿಂದಿನ ಹಲ್ಲಿನ ಜಾಗಕ್ಕೆ ಗೈಡ್, ಅದರ ಮೇಲೆ ಉದ್ದದ ಡ್ರಿಲ್, ಅದರ ಮೇಲೆ ಹ್ಯಾಂಡ್‌ಪೀಸ್ ಎಲ್ಲ ಹಿಡಿಸುವುದೇ ಇಲ್ಲ.

ತಪ್ಪು ನುಸುಳಲು ಇನ್ನೂ ಹಲವು ದಾರಿಗಳಿವೆ. ಸ್ಕ್ಯಾನ್ ವೇಳೆ ರೋಗಿ ಚೂರು ತಲೆಯಾಡಿಸಿದರೆ ಚಿತ್ರ ಮಸುಕು. ಹಳೆಯ ಲೋಹದ ಕ್ಯಾಪ್‌ಗಳಿದ್ದರೆ ಸಿಬಿಸಿಟಿಯಲ್ಲಿ ಗೆರೆಗಳು ಚದುರಿ ಹಲ್ಲಿನ ಅಂಚೇ ಕಾಣದು, ಎರಡು ಚಿತ್ರಗಳನ್ನು ಹೊಂದಿಸುವುದು ಅಲ್ಲೇ ಎಡವುತ್ತದೆ. ಪ್ರಿಂಟ್ ಆದ ರೆಸಿನ್ ಬೆಳಕಿನಲ್ಲಿ ಪೂರ್ತಿ ಗಟ್ಟಿಯಾಗುವಾಗ ಕುಗ್ಗುತ್ತದೆ. ಎಲ್ಲಕ್ಕಿಂತ ನಾಜೂಕಾದದ್ದು ಡ್ರಿಲ್‌ನ ಮೂತಿ: ಎಷ್ಟೋ ಡ್ರಿಲ್‌ಗಳಲ್ಲಿ 10 ಮಿ.ಮೀ. ಗುರುತಿನ ಲೆಕ್ಕಕ್ಕೆ ಆ ಚೂಪು ಸೇರಿರುವುದಿಲ್ಲ. ಗುರುತಿನವರೆಗೆ ಇಳಿಸಿದರೆ ಅದಕ್ಕಿಂತ ತುಸು ಆಳಕ್ಕೇ ಹೋಗಿರುತ್ತದೆ.

ಎಲ್ಲ ಕೂಡಿ ಎಷ್ಟು? ಎರಡು ಸಾವಿರಕ್ಕೂ ಹೆಚ್ಚು ಇಂಪ್ಲಾಂಟ್‌ಗಳ ಅಳತೆಗಳನ್ನು ಒಟ್ಟುಗೂಡಿಸಿ 2018ರಲ್ಲಿ ಪ್ರಕಟವಾದ ವಿಮರ್ಶೆಯೊಂದರ ಪ್ರಕಾರ, ಗೈಡ್ ಬಳಸಿದಾಗಲೂ ಯೋಜನೆಗೂ ವಾಸ್ತವಕ್ಕೂ ಸರಾಸರಿ ವ್ಯತ್ಯಾಸ ಹೊಕ್ಕ ಜಾಗದಲ್ಲಿ 1.2 ಮಿ.ಮೀ., ತುದಿಯಲ್ಲಿ 1.4 ಮಿ.ಮೀ., ಓರೆಯಲ್ಲಿ 3.5 ಡಿಗ್ರಿ. ಇದು ಸರಾಸರಿ, ಕೆಲವು ಇದಕ್ಕಿಂತ ಹೆಚ್ಚೇ ಇರುತ್ತವೆ. ನರದಿಂದ 2 ಮಿ.ಮೀ. ದೂರ ಎಂಬ ನಿಯಮ ಗೈಡ್ ಬಂದ ಮೇಲೂ ಸಡಿಲವಾಗದಿರುವುದು ಇದಕ್ಕೇ. ‘ಕಂಪ್ಯೂಟರ್ ಗೈಡೆಡ್, ನೂರಕ್ಕೆ ನೂರು ನಿಖರ’ ಎಂದು ಹೇಳುವ ಜಾಹೀರಾತನ್ನು ಈ ಅಂಕಿಗಳ ಪಕ್ಕದಲ್ಲಿಟ್ಟು ಓದಿಕೊಳ್ಳಬೇಕು. ಅಕ್ಕಪಕ್ಕ ಗಟ್ಟಿ ಹಲ್ಲುಗಳಿದ್ದು ಅವುಗಳ ಮೇಲೆ ಕೂರುವ ಗೈಡ್ ಎಲ್ಲಕ್ಕಿಂತ ನಂಬಿಕಸ್ಥ. ಹಲ್ಲೇ ಇಲ್ಲದ ಬಾಯಿಯಲ್ಲಿ ಮೆತ್ತನೆಯ ವಸಡಿನ ಮೇಲೆ ಕೂರುವುದು ಜಾರುತ್ತದೆ, ಪಿನ್ ಹೊಡೆದು ನಿಲ್ಲಿಸಬೇಕಾಗುತ್ತದೆ.

ಗೈಡ್ ಇದ್ದರೆ ವಸಡನ್ನು ಕೊಯ್ದು ತೆರೆಯದೆಯೇ ಕೊರೆಯಬಹುದು. ಊತ, ನೋವು ಕಡಿಮೆ. ಇದಕ್ಕೆ ಇನ್ನೊಂದು ಮುಖವೂ ಇದೆ. ತೆರೆಯದಿದ್ದರೆ ಮೂಳೆ ಕಾಣದು. ಸ್ಲೀವ್ ಮುಚ್ಚಿಕೊಂಡಿರುವುದರಿಂದ ಸಲೈನ್ ಕೊರೆಯುವ ತಾಣಕ್ಕೆ ಸರಿಯಾಗಿ ತಲುಪದು, 47 ಡಿಗ್ರಿಯ ಭಯ ಮತ್ತೆ ಎದುರಾಗುತ್ತದೆ. ಆದ್ದರಿಂದ ಡ್ರಿಲ್ಲನ್ನು ಆಗಾಗ ಮೇಲೆತ್ತಿ ಇಳಿಸುತ್ತಾರೆ. ಸ್ಲೀವ್‌ಗೆ ಒಂದು ಬದಿ ತೆರವಿಟ್ಟ ಗೈಡ್‌ಗಳೂ ಬಂದಿವೆ. ಜೊತೆಗೆ, ಮೂಳೆ ಮೆದುವೋ ಗಟ್ಟಿಯೋ ಎಂದು ಬೆರಳಿಗೆ ಸಿಗುತ್ತಿದ್ದ ಸುಳಿವನ್ನೂ ಸ್ಲೀವ್‌ನ ಉಜ್ಜಾಟ ಮಂಕಾಗಿಸುತ್ತದೆ. ಕೈಯಳತೆಯಲ್ಲಿ ನುರಿತವರ ಕೈಗೆ ಗೈಡ್ ಸಿಕ್ಕರೆ ಲಾಭ. ಅದನ್ನು ಕಲಿಯದವರು ಗೈಡನ್ನೇ ನಂಬಿ ಹೊರಟು, ನಡುವೆ ಅದು ಕೂರದಿದ್ದರೆ ಅಥವಾ ಬಿರುಕುಬಿಟ್ಟರೆ ಏನು ಮಾಡುತ್ತಾರೆ ಎಂಬುದೇ ಪ್ರಶ್ನೆ.

ಸ್ಲೀವೇ ಇಲ್ಲದ ದಾರಿಯೂ ಇದೆ. ಮಿದುಳಿನ ಶಸ್ತ್ರಚಿಕಿತ್ಸೆಯಲ್ಲಿ ಮೊದಲು ಬಳಕೆಗೆ ಬಂದ ನ್ಯಾವಿಗೇಶನ್ ಅದು. ರೋಗಿಯ ದವಡೆಗೂ ಡ್ರಿಲ್‌ಗೂ ಗುರುತುಪಟ್ಟಿ ಕಟ್ಟಿದರೆ, ಮೇಲಿನ ಕ್ಯಾಮೆರಾಗಳು ಎರಡನ್ನೂ ಹಿಂಬಾಲಿಸುತ್ತವೆ. ತುದಿ ಮೂಳೆಯಲ್ಲಿ ಎಲ್ಲಿದೆಯೆಂದು ಪರದೆಯಲ್ಲಿ ಕಾಣುತ್ತದೆ, ಯೋಜನೆಯನ್ನು ನಡುವೆಯೇ ಬದಲಿಸಬಹುದು. ಕಣ್ಣು ಪರದೆಯ ಮೇಲೆ, ಕೈ ಬಾಯಿಯೊಳಗೆ ಇಟ್ಟು ಕೆಲಸ ಮಾಡುವುದಕ್ಕೆ ಅಭ್ಯಾಸ ಬೇಕು. ವೈದ್ಯರ ಕೈ ದಾರಿ ಬಿಟ್ಟರೆ ತಡೆಯುವ ‘ಯೋಮಿ’ ರೋಬೋ ತೋಳಿಗೆ ಅಮೆರಿಕದ ಎಫ್‌ಡಿಎ 2016ರ ಡಿಸೆಂಬರ್‌ನಲ್ಲಿ ಒಪ್ಪಿಗೆ ನೀಡಿತು. ಮರುವರ್ಷ ಚೀನಾದ ಶಿಯಾನ್‌ನಲ್ಲಿ ರೋಬೋ ಒಂದು ವೈದ್ಯರ ನಿಗಾದಲ್ಲಿ ತಾನೇ ಎರಡು ಇಂಪ್ಲಾಂಟ್ ಕೂರಿಸಿತು.

ಇಂಪ್ಲಾಂಟಿನಾಚೆಗೂ ಗೈಡ್ ಕಾಲಿಟ್ಟಿದೆ. ವಯಸ್ಸಿನಿಂದಲೋ ಹಳೆಯ ಪೆಟ್ಟಿನಿಂದಲೋ ಹಲ್ಲಿನ ಬೇರಿನ ನಾಳ ಸುಣ್ಣಗಟ್ಟಿ ಮುಚ್ಚಿಹೋದರೆ ರೂಟ್ ಕೆನಾಲ್ ಮಾಡುವವರಿಗೆ ಅದನ್ನು ಹುಡುಕುವುದೇ ಸಾಹಸ. ಹುಡುಕುತ್ತಾ ಬೇರಿನ ಗೋಡೆಯನ್ನೇ ತೂತು ಮಾಡಿಬಿಡಬಹುದು. ಸ್ವಿಟ್ಜರ್ಲೆಂಡಿನ ಬಾಸೆಲ್‌ನ ತಂಡವೊಂದು 2016ರ ಹೊತ್ತಿಗೆ ಇದಕ್ಕೂ ಸಿಬಿಸಿಟಿ ಆಧರಿಸಿದ ಗೈಡ್ ರೂಪಿಸಿ ತೋರಿಸಿತು.

ಇನ್ನೂ ದೊಡ್ಡ ಪ್ರಮಾಣದ ಕೆಲಸ ಬಾಯಿ ಕ್ಯಾನ್ಸರಿನದು. ತಂಬಾಕು, ಗುಟ್ಕಾದ ಕಾರಣ ಈ ರೋಗ ನಮ್ಮ ದೇಶದಲ್ಲಿ ವ್ಯಾಪಕ. ಕೆಳದವಡೆಯ ಭಾಗವನ್ನೇ ಕತ್ತರಿಸಿ ತೆಗೆಯಬೇಕಾದಾಗ ಆ ಜಾಗಕ್ಕೆ ಕಾಲಿನ ಹೊರಮಗ್ಗುಲ ತೆಳ್ಳಗಿನ ಮೂಳೆಯನ್ನು ರಕ್ತನಾಳ ಸಮೇತ ತಂದು ಜೋಡಿಸುತ್ತಾರೆ. ನ್ಯೂಯಾರ್ಕಿನ ಡೇವಿಡ್ ಹಿಡಾಲ್ಗೊ 1989ರಲ್ಲಿ ವರದಿ ಮಾಡಿದ ವಿಧಾನವಿದು. ನೇರವಾದ ಕಾಲಿನ ಮೂಳೆಯನ್ನು ಗದ್ದದ ಬಾಗಿಗೆ ತರಬೇಕೆಂದರೆ ಎರಡು ಮೂರು ಕಡೆ ಓರೆಯಾಗಿ ಕತ್ತರಿಸಿ ಮೂಲೆಗಳನ್ನು ಕೂಡಿಸಬೇಕು. ಒಂದು ಗೈಡ್ ದವಡೆಯಲ್ಲಿ ಎಲ್ಲಿ ಕತ್ತರಿಸಬೇಕೆಂದು, ಇನ್ನೊಂದು ಕಾಲಿನ ಮೂಳೆಯಲ್ಲಿ ಯಾವ ಕೋನದಲ್ಲೆಂದು ಹಿಡಿದು ನಿಲ್ಲಿಸುತ್ತದೆ. ಕೂಡಿಸುವಾಗ ಸಮಯ ಉಳಿಯುತ್ತದೆ, ಕಚ್ಚುವಿಕೆ ಸರಿಯಾಗಿ ಬರುತ್ತದೆ.

ಇಲ್ಲಿ ಗೈಡ್‌ಗೆ ಎದುರಾಗುವ ಕಷ್ಟ ಮಿಲಿಮೀಟರಿನದಲ್ಲ, ದಿನಗಳದು. ಗೈಡ್ ಮಾಡುವುದು ಸ್ಕ್ಯಾನ್ ಆದ ದಿನದ ಗಡ್ಡೆಗೆ. ಪರವೂರಿನ ಕಂಪನಿಗೆ ಕಳಿಸಿ, ಯೋಜನೆ ಒಪ್ಪಿ, ಪ್ರಿಂಟಾಗಿ ಬರುವಷ್ಟರಲ್ಲಿ ವಾರಗಳು ಕಳೆದರೆ ಗಡ್ಡೆ ಗುರುತಿನ ಗೆರೆ ದಾಟಿರಬಹುದು. ಆಗ ಗೈಡನ್ನು ಬದಿಗಿಟ್ಟು ಕಣ್ಣಳತೆಯಲ್ಲೇ ಇನ್ನಷ್ಟು ಕತ್ತರಿಸಬೇಕಾಗುತ್ತದೆ. ಕೆಲವು ಶಸ್ತ್ರವೈದ್ಯರು ಮುಂಜಾಗ್ರತೆಗೆಂದು ಅಗಲ ಹೆಚ್ಚಿಸಿದ ಎರಡನೆಯ ಗೈಡನ್ನೂ ಮಾಡಿಸಿಟ್ಟುಕೊಳ್ಳುತ್ತಾರೆ. ಆಸ್ಪತ್ರೆಯೊಳಗೇ ಪ್ರಿಂಟರ್ ಇಟ್ಟು ಸ್ಕ್ಯಾನ್‌ನಿಂದ ಗೈಡ್‌ವರೆಗಿನ ಕೆಲಸವನ್ನು ಕೆಲವೇ ದಿನಗಳಿಗೆ ಇಳಿಸುವ ಪ್ರಯತ್ನ ಈಗ ಹಲವೆಡೆ ನಡೆದಿದೆ.