ಹಿಮ್ಮುಖ ಹರಿವಿಗೆ ತಡೆ: ಏಕಮುಖ ಕವಾಟದ ಆಯ್ಕೆಯಲ್ಲಿ ಎಚ್ಚರಿಕೆ

ಪಂಪಿಗೆ ಲಕ್ಷಾಂತರ ರೂಪಾಯಿ ವ್ಯಯಿಸುವ ಉದ್ಯಮಿಯು ನಾನ್-ರಿಟರ್ನ್ ವಾಲ್ವ್ ಕೊಳ್ಳುವಾಗ ಕೇಳುವುದು ಸಾಮಾನ್ಯವಾಗಿ ಎರಡೇ ಪ್ರಶ್ನೆ: ಎಷ್ಟು ಇಂಚಿನದು? ಬೆಲೆ ಎಷ್ಟು? ಆದರೆ ಆ ಪಂಪಿನ ಆಯುಷ್ಯ ಈ ಚಿಕ್ಕ ಸಾಧನವನ್ನೇ ಬಹುಮಟ್ಟಿಗೆ ಅವಲಂಬಿಸಿದೆ.

ವಿದ್ಯುತ್ ಹಠಾತ್ತನೆ ಕಡಿತಗೊಂಡಾಗ ಮೇಲಿನ ತೊಟ್ಟಿಯವರೆಗೆ ಏರಿದ್ದ ನೀರು ಸ್ವಭಾರದಿಂದಲೇ ಕೆಳಗಿಳಿಯತೊಡಗುತ್ತದೆ. ತಡೆಯಿಲ್ಲದಿದ್ದರೆ ಪಂಪಿನ ಚಕ್ರವು ಹಿಮ್ಮುಖವಾಗಿ ತಿರುಗುತ್ತದೆ. ಅದೇ ಕ್ಷಣ ವಿದ್ಯುತ್ ಮರಳಿ ಮೋಟಾರು ಚಾಲನೆಗೊಂಡರೆ ಷಾಫ್ಟ್ ಮುರಿಯುವ ಸಂಭವವಿದೆ.

ಕಾರ್ಯವಿಧಾನ

ನಮ್ಮ ಹೃದಯದ ಕವಾಟದಂತೆ ಇದಕ್ಕೂ ಹೊರಗಿನ ಚಾಲಕಶಕ್ತಿ ಬೇಕಿಲ್ಲ. ಮುಂದಕ್ಕೆ ಹರಿಯುವ ನೀರಿನ ಒತ್ತಡವೇ ಒಳಗಿನ ಬಿಲ್ಲೆಯನ್ನು ತೆರೆಯುತ್ತದೆ. ಹರಿವು ನಿಂತೊಡನೆ ಬಿಲ್ಲೆಯ ಭಾರ, ಸ್ಪ್ರಿಂಗ್ ಅಥವಾ ಹಿಮ್ಮುಖ ಒತ್ತಡ ಅದನ್ನು ಮುಚ್ಚುತ್ತದೆ. ಕೀಲಿನ ಮೇಲೆ ತೂಗುವ ಸ್ವಿಂಗ್ ಮಾದರಿ, ಮೇಲೇಳುವ ಲಿಫ್ಟ್ ಮಾದರಿ, ಸ್ಪ್ರಿಂಗ್ ಸಹಿತ ಮಾದರಿ ಮತ್ತು ಎರಡು ಅರ್ಧಬಿಲ್ಲೆಗಳ ಡ್ಯುಯಲ್ ಪ್ಲೇಟ್ ಮಾದರಿ ಪ್ರಮುಖವಾದವು. ಹೀರುಕೊಳವೆಯ ತುದಿಯ ಫುಟ್ ವಾಲ್ವ್ ಕೂಡ ಇದೇ ಕುಟುಂಬದ್ದು.

ಸ್ವಿಂಗ್ ಮಾದರಿ ಸರಳ, ಅಗ್ಗ. ಆದರೆ ಮುಚ್ಚಿಕೊಳ್ಳುವುದು ನಿಧಾನ. ಅಷ್ಟರಲ್ಲಿ ನೀರು ಹಿಂದಕ್ಕೆ ವೇಗ ಪಡೆದಿದ್ದರೆ ಬಾಗಿಲು ಧಡಾರನೆ ಬಡಿಯುತ್ತದೆ. ಉಕ್ಕಿನ ಕೊಳವೆಯಲ್ಲಿ ಸೆಕೆಂಡಿಗೆ 1 ಮೀಟರ್ ವೇಗದ ನೀರು ತಟ್ಟನೆ ನಿಂತರೆ ಒತ್ತಡವು ಸುಮಾರು 12 ಬಾರ್, ಅಂದರೆ 120 ಮೀಟರ್ ಎತ್ತರದ ನೀರಿನ ಕಂಬದಷ್ಟು ಹೆಚ್ಚುತ್ತದೆ. ಎತ್ತರದ ಮಾರ್ಗಗಳಿಗೆ ಬೇಗನೆ ಮುಚ್ಚುವ ಸ್ಪ್ರಿಂಗ್ ಮಾದರಿಯೇ ಲೇಸು.

ಆಯ್ಕೆ ಮತ್ತು ಅಳವಡಿಕೆ

ಕೊಳವೆಯ ಅಳತೆಯೊಂದನ್ನೇ ನೋಡಿ ಕೊಳ್ಳುವುದು ಸಾಮಾನ್ಯ ತಪ್ಪು. ಹರಿವು ಕಡಿಮೆಯಿದ್ದರೆ ಬಿಲ್ಲೆ ಪೂರ್ಣ ತೆರೆಯದೆ ಸದಾ ಅದುರುತ್ತ ಕೀಲನ್ನು ಸವೆಸುತ್ತದೆ. ಆದುದರಿಂದ ವಾಸ್ತವ ಹರಿವಿನ ಪ್ರಮಾಣವನ್ನು ತಿಳಿಸಿಯೇ ಕವಾಟವನ್ನು ಆರಿಸಬೇಕು. ಪಂಪ್ ಅಥವಾ ಬಾಗುವಿಕೆಯ ನಂತರ ಕೊಳವೆಯ ವ್ಯಾಸದ ಕನಿಷ್ಠ 5 ಪಟ್ಟು ನೇರ ಅಂತರ ಬಿಡುವುದು ಒಳಿತು. ಸ್ವಿಂಗ್ ಮಾದರಿಯನ್ನು ಲಂಬ ಕೊಳವೆಯಲ್ಲಿ ಅಳವಡಿಸುವುದಾದರೆ ಹರಿವು ಮೇಲ್ಮುಖವಾಗಿರಬೇಕು. ಕವಾಟದ ಮುಂದೆ ಗೇಟ್ ವಾಲ್ವ್ ಇದ್ದರೆ ಇಡೀ ಮಾರ್ಗವನ್ನು ಬರಿದು ಮಾಡದೆ ದುರಸ್ತಿ ಸಾಧ್ಯ.

ಕುಡಿಯುವ ನೀರಿನ ರಕ್ಷಣೆ

ಬಣ್ಣ ಅಥವಾ ರಾಸಾಯನಿಕದ ತೊಟ್ಟಿಗೆ ಕುಡಿಯುವ ನೀರಿನ ಮಾರ್ಗ ಜೋಡಿಸಿರುವ ಕಾರ್ಖಾನೆಗಳು ವಿಶೇಷ ಗಮನ ಹರಿಸಬೇಕು. ಒಂದು ಮರಳಿನ ಕಣ ಸಿಕ್ಕಿಕೊಂಡರೂ ಕವಾಟ ಸೋರುತ್ತದೆ. ಮುಖ್ಯ ಮಾರ್ಗದ ಒತ್ತಡ ಕುಸಿದಾಗ ತೊಟ್ಟಿಯ ದ್ರವ ಹಿಂದಕ್ಕೆ ಸೆಳೆಯಲ್ಪಡುತ್ತದೆ. 1933ರಲ್ಲಿ ಅಮೆರಿಕದ ಶಿಕಾಗೋ ನಗರದ ಹೋಟೆಲುಗಳಲ್ಲಿ ದೋಷಯುಕ್ತ ಕೊಳವೆ ಜೋಡಣೆಯಿಂದ ಕುಡಿಯುವ ನೀರಿಗೆ ಮಲಿನ ಜಲ ಸೇರಿ, ಅಮೀಬಿಕ್ ಆಮಶಂಕೆ ಹರಡಿ 98 ಮಂದಿ ಮೃತಪಟ್ಟರು. ಇಂತಹ ಕಡೆ ಒಂದು ಕವಾಟವನ್ನೇ ನಂಬಬಾರದು. ನಲ್ಲಿಯ ಬಾಯಿ ತೊಟ್ಟಿಯ ಅಂಚಿಗಿಂತ ಕೊಳವೆ ವ್ಯಾಸದ 2 ಪಟ್ಟು ಎತ್ತರದಲ್ಲಿ, ಕನಿಷ್ಠ 25 ಮಿಲಿಮೀಟರ್ ಅಂತರದಲ್ಲಿರಲಿ. ಈ ಗಾಳಿಯ ಅಂತರವನ್ನು ದಾಟಿ ನೀರು ಹಿಂದಿರುಗದು.

ಹುಬ್ಬಳ್ಳಿಯ ವಾಲ್ವ್ ತಯಾರಕರಿಗೂ ಬೆಳಗಾವಿಯ ಎರಕದ ಘಟಕಗಳಿಗೂ ಇದು ಪರಿಚಿತ ವಿಷಯವೇ. ನೀರು ಸರಬರಾಜಿನ ಸ್ವಿಂಗ್ ಮಾದರಿಗೆ ಐಎಸ್ 5312, ಫುಟ್ ವಾಲ್ವ್‌ಗೆ ಐಎಸ್ 4038 ಎಂಬ ಭಾರತೀಯ ಮಾನಕಗಳಿವೆ. ಗ್ರಾಹಕರು ಬೆಲೆಯೊಡನೆ ಮಾನಕ, ಹರಿವು, ಒತ್ತಡ ಮತ್ತು ಅಳವಡಿಕೆಯ ದಿಕ್ಕನ್ನೂ ವಿಚಾರಿಸಿದರೆ ಉತ್ತಮ ತಯಾರಕರಿಗೆ ನ್ಯಾಯ ದೊರಕುತ್ತದೆ, ಪಂಪೂ ಉಳಿಯುತ್ತದೆ.